ಹೆಸರಿಗೊಂದು ಬೆಲೆ, ರಸಕ್ಕೊಂದು ಬೆಲೆ

ನಮ್ಮ ಪತ್ರಿಕೆಯಲ್ಲಿ ಮದ್ಯದ ಮಾತೇಕೆ ಎಂದು ಬೆಳೆಗಾರ ಬಂಧುಗಳು ಹುಬ್ಬೇರಿಸಬಾರದು. ಯಾರನ್ನೂ ಕುಡಿಯಿರೆಂದು ನಾನು ಹೇಳಹೊರಟಿಲ್ಲ. ದ್ರಾಕ್ಷಿಯೂ ತೋಟದ ಬೆಳೆಯೇ. ಅದರ ರಸಕ್ಕೆ ಬೆಲೆ ಕಟ್ಟಿದವರು ಯಾರು ಎಂಬುದು ನಾವು ತಿಳಿಯತಕ್ಕ ವಿಷಯ.

ಫ್ರಾನ್ಸಿನ ಬೋರ್ಡೋ ಸೀಮೆಯ ಕೆಂಪು ವೈನಿಗೆ ಲೋಕವೆಲ್ಲ ಹೆಸರು. 1855ರಲ್ಲಿ ಪ್ಯಾರಿಸಿನ ವಸ್ತುಪ್ರದರ್ಶನಕ್ಕಾಗಿ ಅಲ್ಲಿಯ ದಲ್ಲಾಳಿಗಳು ಒಂದು ಪಟ್ಟಿ ಮಾಡಿದರು. ಯಾವ ತೋಟದ ವೈನ್ ಎಷ್ಟಕ್ಕೆ ಹೋಗುತ್ತಿದೆ ಎಂಬುದನ್ನೇ ಮುಖ್ಯವಾಗಿ ನೋಡಿ ಐದು ದರ್ಜೆ ಕಟ್ಟಿದರು. ಲಾಫಿತ್, ಲಾತೂರ್, ಮಾರ್ಗೋ, ಓ-ಬ್ರಿಯೋ ಮೊದಲ ದರ್ಜೆಯವು. ಮೂತೋನ್ ತೋಟ ಆ ಸಾಲಿಗೆ ಏರಲು 1973ರವರೆಗೆ ಕಾಯಬೇಕಾಯಿತು. ಇನ್ನೊಂದು ಸೋಜಿಗ: ಪಟ್ಟಿಯಲ್ಲಿರುವ ತೋಟದವರು ಅದೇ ಎಲ್ಲೆಯೊಳಗೆ ಪಕ್ಕದ ಜಮೀನು ಕೊಂಡು ಸೇರಿಸಿದರೆ ಅದಕ್ಕೂ ಅದೇ ದರ್ಜೆ! ದರ್ಜೆ ಇರುವುದು ಹೆಸರಿಗೆ, ಮಣ್ಣಿಗಲ್ಲ.

ಅಷ್ಟು ಹಣ ತೆರಲಾರದವನು ಏನು ಮಾಡಬೇಕು? ಬೇಲಿಯಾಚೆ ನೋಡಬೇಕು. ಬೋರ್ಡೋದಲ್ಲೇ ಪೊಮೆರೋಲ್ ಎಂಬ ಪುಟ್ಟ ಊರಿದೆ. ಅಲ್ಲಿಯ ಪೆತ್ರೂಸ್ ತೋಟದ ಒಂದು ಶೀಶೆ ಸಾವಿರಾರು ಯೂರೋ ಬಾಳುತ್ತದೆ. ಊರಿನ ಉತ್ತರಕ್ಕೆ ಹರಿಯುವ ಬಾರ್ಬನ್ ತೊರೆಯನ್ನು ದಾಟಿದರೆ ಲಾಲಾಂದ್-ದ-ಪೊಮೆರೋಲ್. ಅಲ್ಲಿಯೂ ಮುಖ್ಯವಾಗಿ ಅದೇ ಮೆರ್ಲೋ ಬಳ್ಳಿ, ಅದೇ ಮಳೆ ಬಿಸಿಲು, ಬೆಲೆ ಮಾತ್ರ ಎಷ್ಟೋ ಪಾಲು ಕಡಿಮೆ. ಪೆತ್ರೂಸಿನ ಜೇಡಿಮಣ್ಣು ಎಲ್ಲರಿಗೂ ಸಿಗದು, ನಿಜ. ಆದರೆ ಒಂದು ತೊರೆ ಅಷ್ಟೊಂದು ಅಂತರ ತರುತ್ತದೆಂದರೆ ನಾನಂತೂ ನಂಬಲಾರೆ. ಫ್ರೋನ್ಸಾಕ್, ಕೋತ್-ದ-ಬೂರ್ಗ್‌ಗಳ ಕಥೆಯೂ ಇದೇ.

ಚೀಟಿ ಮುಚ್ಚಿ ರುಚಿ ನೋಡಿದರೆ ಏನಾಗುತ್ತದೆಂಬುದು 1976ರ ಮೇ 24ರಂದು ಪ್ಯಾರಿಸಿನಲ್ಲೇ ಬಯಲಾಯಿತು. ಫ್ರೆಂಚ್ ತೀರ್ಪುಗಾರರೇ ಅಂಕ ಕೊಟ್ಟರು; ಮೂತೋನ್, ಓ-ಬ್ರಿಯೋಗಳನ್ನು ಹಿಂದಿಕ್ಕಿ ಮೊದಲು ನಿಂತದ್ದು ಕ್ಯಾಲಿಫೋರ್ನಿಯದ ಸ್ಟ್ಯಾಗ್ಸ್ ಲೀಪ್.

ಕೊಳ್ಳುವವನಿಗೆ ಇದು ಸಂತೋಷದ ಸುದ್ದಿ. ಆದರೆ ತೊರೆಯಾಚೆಯ ರೈತನ ಕಡೆಯಿಂದಲೂ ಒಮ್ಮೆ ನೋಡೋಣ. ಅವನ ಸರಕು 'ಅಗ್ಗಕ್ಕೆ ಸಿಗುವ ಒಳ್ಳೆಯ ಮಾಲು'. ಆ ಹೊಗಳಿಕೆಯಿಂದ ಅವನ ಕೂಲಿ ಬಟವಾಡೆ ನಡೆಯುವುದಿಲ್ಲ. ದಕ್ಷಿಣ ಫ್ರಾನ್ಸಿನ ಲಾಂಗ್‌ದೋಕ್ ಸೀಮೆಯಲ್ಲಿ 1907ರಲ್ಲಿ ಧಾರಣೆ ಕುಸಿದು ಬೆಳೆಗಾರರು ಲಕ್ಷಗಟ್ಟಲೆ ಬೀದಿಗಿಳಿದಿದ್ದರು. ಅದಕ್ಕೂ ಮೊದಲೇ, 1901ರಲ್ಲಿ, ಅದೇ ಸೀಮೆಯ ಮರೋಸಾನ್ ಊರಿನ ಸಣ್ಣ ಹಿಡುವಳಿದಾರರು ಸಂಘ ಕಟ್ಟಿ, ವರ್ತಕರನ್ನು ಬದಿಗಿಟ್ಟು, ಪ್ಯಾರಿಸಿನ ಬಳಕೆದಾರರ ಸಹಕಾರ ಸಂಘಗಳಿಗೆ ನೇರವಾಗಿ ವೈನ್ ಮಾರಿದರು.

ನಾವು ತೊರೆಯ ಯಾವ ದಡದವರು? ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೂ ಶಿರಸಿ ಅಡಿಕೆಗೂ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಆದರೂ ಎರಡೆಕರೆಯವನ ಪಾರ್ಚ್‌ಮೆಂಟು ಇಂದಿಗೂ ವ್ಯಾಪಾರಿಯ ಗೋದಾಮಿನಲ್ಲಿ ಹತ್ತೂರಿನ ಚೀಲಗಳೊಡನೆ ಬೆರೆತು ಹೋಗುತ್ತದೆ. ಒಮ್ಮೆ ಬೆರೆತ ಮೇಲೆ ಯಾವ ಹೆಸರನ್ನು ಅಂಟಿಸುವುದು? ಈ ಕೊಯ್ಲಿನಲ್ಲಿ ನಮ್ಮ ಸದಸ್ಯರ ಚೀಲಗಳನ್ನು ಊರುವಾರು ಬೇರೆ ಇಡಿಸಿ, ಬೇರೆಯಾಗಿಯೇ ರುಚಿ ನೋಡಿಸಬೇಕೆಂದು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಪ್ರಸ್ತಾಪಿಸಲಿದ್ದೇನೆ. ಖರ್ಚು ಬೀಳುತ್ತದೆ, ಬೇಡವೆನ್ನುವವರು ಸಭೆಗೆ ಬಂದೇ ಹೇಳಲಿ.