ಗುಹೆಯೊಳಗೂ ಬೆಳಕಿತ್ತು

ಅಜ್ಞಾನವೆಂದರೆ ಕತ್ತಲು, ಅರಿವೆಂದರೆ ಬೆಳಕು ಎನ್ನುವುದಕ್ಕೆ ಉದಾಹರಣೆ ಬೇಕಾದಾಗಲೆಲ್ಲ ನಾವು ಪ್ಲೇಟೊನ ಗುಹೆಯ ಕಥೆಯನ್ನು ಎತ್ತಿಕೊಳ್ಳುತ್ತೇವೆ. ‘ರಿಪಬ್ಲಿಕ್’ ಕೃತಿಯ ಏಳನೇ ಭಾಗದಲ್ಲಿ ಸಾಕ್ರಟೀಸ್ ಅದನ್ನು ಗ್ಲಾಕಾನ್‌ಗೆ ಹೇಳುತ್ತಾನೆ. ನಿಧಾನವಾಗಿ ಓದಿದರೆ ಆ ಕಥೆ ಅಷ್ಟು ಸರಳವಾಗಿಲ್ಲ. ಗುಹೆಯೊಳಗೂ ಬೆಳಕಿದೆ. ಕೈದಿಗಳ ಬೆನ್ನ ಹಿಂದೆ, ಎತ್ತರದಲ್ಲಿ ಬೆಂಕಿ ಉರಿಯುತ್ತಿದೆ. ಬೆಂಕಿಗೂ ಅವರಿಗೂ ನಡುವೆ, ಗೊಂಬೆಯಾಟದವರು ಕಟ್ಟುವ ಪರದೆಯಂಥ ಒಂದು ಗಿಡ್ಡ ಗೋಡೆ. ಅದರ ಮರೆಯಲ್ಲಿ ಕೆಲವರು ಕಲ್ಲಿನ, ಮರದ ಪ್ರತಿಮೆಗಳನ್ನು ಹೊತ್ತು ಸಾಗುತ್ತಾರೆ. ಬಾಲ್ಯದಿಂದಲೇ ಕಾಲಿಗೂ ಕತ್ತಿಗೂ ಬಂಧನ ಬಿದ್ದಿರುವ ಕೈದಿಗಳು ಎದುರಿನ ಗೋಡೆಯ ಮೇಲೆ ಮೂಡುವ ನೆರಳುಗಳನ್ನಷ್ಟೇ ಕಂಡವರು. ಅವರು ಏನೂ ಕಾಣದವರಲ್ಲ, ಒಂದೇ ದಿಕ್ಕಿಗೆ ನೋಡುವವರು.

ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿವರ, ಸಾಮಾನ್ಯವಾಗಿ ಯಾರೂ ನೆನೆಯದ ಆ ಬಹುಮಾನಗಳದು. ಹಾದುಹೋಗುವ ನೆರಳುಗಳನ್ನು ಚುರುಕಾಗಿ ಗುರುತಿಸುವವನಿಗೆ, ಯಾವುದರ ಹಿಂದೆ ಯಾವುದು ಬಂತೆಂದು ನೆನಪಿಟ್ಟು ಮುಂದಿನದನ್ನು ಊಹಿಸಬಲ್ಲವನಿಗೆ ಕೈದಿಗಳ ನಡುವೆ ಗೌರವವಿದೆ, ಪ್ರಶಸ್ತಿಯಿದೆ. ಅಂದರೆ ಗುಹೆಗೂ ತನ್ನದೇ ವಿದ್ಯೆಯಿದೆ, ಪಂಡಿತರಿದ್ದಾರೆ. ಪ್ಲೇಟೊ ತೋರಿಸುವ ಅಜ್ಞಾನ ಮಾಹಿತಿಯ ಕೊರತೆಯಲ್ಲ. ಕಲಿತು ಪಳಗಿದ, ಮನ್ನಣೆ ಪಡೆದ ಜಾಣತನ ಅದು. ಹಾಗಾಗಿಯೇ ಅದನ್ನು ಕಳಚುವುದು ಕಷ್ಟ. ಶಿಕ್ಷಣವೆಂದರೆ ಕುರುಡು ಕಣ್ಣಿಗೆ ದೃಷ್ಟಿ ತುಂಬುವುದಲ್ಲ, ಇರುವ ದೃಷ್ಟಿಯನ್ನು ಇಡೀ ಮನಸ್ಸಿನೊಂದಿಗೆ ಬೇರೆಡೆಗೆ ತಿರುಗಿಸುವುದು ಎಂಬ ಮಾತನ್ನು ಸಾಕ್ರಟೀಸ್ ಇದೇ ಕಥೆಯ ಬೆನ್ನಿಗೆ ಹೇಳುತ್ತಾನೆ. ಹೆಚ್ಚು ತಿಳಿಸಿದರೆ ಜನ ತಾವಾಗಿಯೇ ಎಚ್ಚರಗೊಳ್ಳುತ್ತಾರೆ ಎಂಬ ನಮ್ಮ ಕಾಲದ ನಂಬಿಕೆಗೆ ಇಲ್ಲಿ ಆಸರೆ ಸಿಗದು.

ಇದು ಸಾಮಾನ್ಯರನ್ನು ಹೀಗಳೆಯುವ ಕಥೆಯಲ್ಲವೇ ಎಂಬ ಆಕ್ಷೇಪವಿದೆ. ಆದರೆ ಎಂಥ ವಿಚಿತ್ರ ಕೈದಿಗಳಿವರು ಎಂದು ಗ್ಲಾಕಾನ್ ಅಚ್ಚರಿಪಟ್ಟಾಗ, ಅವರು ನಮ್ಮಂಥವರೇ ಎನ್ನುತ್ತಾನೆ ಸಾಕ್ರಟೀಸ್. ಬಂಧನ ಕಳಚಿ ಹೊರಗಿನ ಬಿಸಿಲು ಕಂಡು ಗುಹೆಗೆ ಮರಳಿದವನಿಗೂ ರಿಯಾಯಿತಿಯಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವ ತನಕ ಅವನೂ ತಡವರಿಸುತ್ತಾನೆ, ಉಳಿದವರು ನಗುತ್ತಾರೆ, ಬಿಡಿಸಲು ಹೋದರೆ ಕೊಲ್ಲಲೂ ಹೇಸರು. ಕ್ರಿ.ಪೂ. 399ರಲ್ಲಿ ತನ್ನ ಗುರು ಸಾಕ್ರಟೀಸನಿಗೆ ಅಥೆನ್ಸ್ ವಿಷ ಕುಡಿಸಿದ್ದನ್ನು ಬಲ್ಲ ಪ್ಲೇಟೊ ಬರೆದ ಸಾಲುಗಳಿವು. ಆದರೂ ಅವನು ಸೇಡಿನ ದನಿಯಲ್ಲಿ ಬರೆಯಲಿಲ್ಲ. ಕಣ್ಣು ಮಂಜಾಗಲು ಎರಡು ಕಾರಣಗಳಿವೆ, ಬೆಳಕಿನಿಂದ ಕತ್ತಲಿಗೆ ಬಂದದ್ದು ಮತ್ತು ಕತ್ತಲಿನಿಂದ ಬೆಳಕಿಗೆ ಬಂದದ್ದು. ತಡವರಿಸುವವನನ್ನು ಕಂಡು ವಿವೇಕಿ ಯೋಚಿಸದೆ ನಗಲಾರ ಎಂದ.

ಎರಡನೇ ಆಕ್ಷೇಪ ಇನ್ನೂ ತೂಕದ್ದು. 1945ರಲ್ಲಿ ತತ್ವಜ್ಞಾನಿ ಕಾರ್ಲ್ ಪಾಪರ್ ಪ್ಲೇಟೊನನ್ನು ಮುಕ್ತ ಸಮಾಜದ ವೈರಿಗಳ ಸಾಲಿನಲ್ಲಿ ನಿಲ್ಲಿಸಿದರು. ಅದಕ್ಕೆ ಆಧಾರವಿದೆ. ತತ್ವಜ್ಞಾನಿಗಳೇ ಆಳಬೇಕೆಂಬ, ಕವಿಗಳನ್ನು ಹದ್ದುಬಸ್ತಿನಲ್ಲಿಡಬೇಕೆಂಬ ಪುಸ್ತಕವಿದು. ಮನುಷ್ಯರ ಆತ್ಮದಲ್ಲಿ ಚಿನ್ನ, ಬೆಳ್ಳಿ, ಕಬ್ಬಿಣ ಬೆರೆತಿವೆಯೆಂಬ ಸುಳ್ಳನ್ನು ಪ್ರಜೆಗಳಿಗೆ ಕಲಿಸಬೇಕೆಂದು ಮೂರನೇ ಭಾಗ ಸೂಚಿಸುತ್ತದೆ. ಅದನ್ನು ನಾನು ಸಮರ್ಥಿಸಲಾರೆ. ಆದರೆ ಆ ಸುಳ್ಳನ್ನು ಸುಳ್ಳೆಂದು ಗುರುತಿಸುವ ಅಳತೆಗೋಲನ್ನು ಕೊಟ್ಟಿರುವುದೂ ಇದೇ ಗುಹೆ: ಆಳುವವರು ಪ್ರಜೆಗಳ ಮುಂದೆ ಹಿಡಿಯುವ ಕಟ್ಟುಕಥೆ ಗೋಡೆಯ ಮೇಲಿನ ಇನ್ನೊಂದು ನೆರಳೇ. ಗೋಡೆಯ ಮರೆಯಲ್ಲಿ ಪ್ರತಿಮೆ ಹೊತ್ತವರಲ್ಲಿ ಕೆಲವರು ಮಾತನಾಡುತ್ತಿರುತ್ತಾರೆ, ಕೆಲವರು ಸುಮ್ಮನಿರುತ್ತಾರೆ ಎನ್ನುವುದನ್ನು ಬಿಟ್ಟರೆ ಅವರ ಬಗ್ಗೆ ಪ್ಲೇಟೊ ಹೆಚ್ಚೇನೂ ಹೇಳುವುದಿಲ್ಲ. ಅವರು ಯಾರು, ಆ ಕೆಲಸಕ್ಕೆ ಅವರನ್ನು ನಿಲ್ಲಿಸಿದವರು ಯಾರು ಎಂಬ ಪ್ರಶ್ನೆಯನ್ನು ಗ್ಲಾಕಾನ್ ಕೇಳಲಿಲ್ಲ. ಓದುಗರಾದ ನಾವಾದರೂ ಕೇಳಬೇಕು.