ಗದ್ದೆಯ ದುಡಿಮೆ ಮತ್ತು ನಮ್ಮ ಕ್ಯಾಮರಾ

ಏಣೆಲು ಬೆಳೆಯ ನಾಟಿ ಆರಂಭವಾಯಿತೆಂದರೆ ಕರಾವಳಿಯ ಗದ್ದೆಬದಿಗಳಲ್ಲಿ ಕ್ಯಾಮರಾಗಳು ಕಾಣಿಸಿಕೊಳ್ಳುತ್ತವೆ. ಹಸಿರು ನೇಜಿಯ ಕಟ್ಟು, ಸಾಲಾಗಿ ಬಾಗಿದ ಮಹಿಳೆಯರು, ಕೆಸರು ನೀರಿನಲ್ಲಿ ಮೂಡಿದ ಮೋಡದ ನೆರಳು ಇವೆಲ್ಲ ಕ್ಯಾಲೆಂಡರುಗಳಿಗೂ ಸ್ಮರಣ ಸಂಚಿಕೆಗಳಿಗೂ ಪ್ರಿಯವಾದ ದೃಶ್ಯಗಳು. ಪ್ರತಿಯೊಬ್ಬರ ಕೈಗೂ ಮೊಬೈಲ್ ಬಂದಿರುವ ಈ ದಿನಗಳಲ್ಲಿ ಇಂತಹ ಚಿತ್ರಗಳಿಗೆ ಲೆಕ್ಕವಿಲ್ಲ. ಕೆಳಗೆ ‘ಅನ್ನದಾತ’ ಎಂಬ ಒಂದು ಪದವನ್ನು ಬರೆದರೆ ಕೆಲಸ ಮುಗಿಯಿತು. ಚಿತ್ರದಲ್ಲಿರುವವರು ಯಾರು, ಅವರ ಒಪ್ಪಿಗೆಯನ್ನು ಯಾರಾದರೂ ಕೇಳಿದ್ದರೇ ಎಂಬ ಪ್ರಶ್ನೆ ಮಾತ್ರ ಏಳುವುದಿಲ್ಲ. ಈ ಕುರಿತು ನಮ್ಮ ಕುಟುಂಬಗಳು ಆಲೋಚಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

‘ಅನ್ನದಾತ’ ಎಂಬ ಗೌರವದ ಮಾತೇ ಕೆಲವೊಮ್ಮೆ ಸತ್ಯವನ್ನು ಮರೆಮಾಡುತ್ತದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸ್ವಂತವಾಗಿ ಅಥವಾ ಗೇಣಿಗೆ ಸಾಗುವಳಿ ಮಾಡುವವರು ಸುಮಾರು 11.9 ಕೋಟಿ, ಕೃಷಿ ಕೂಲಿಕಾರರು 14.4 ಕೋಟಿಗೂ ಅಧಿಕ. ನಮ್ಮ ಕರಾವಳಿಯಲ್ಲಿ 1974ರ ಭೂಸುಧಾರಣಾ ತಿದ್ದುಪಡಿ ಕಾಯಿದೆಯಿಂದ ಅನೇಕ ಗೇಣಿದಾರರು ಒಡೆಯರಾದರು, ನಿಜ. ಆದರೂ ನೇಜಿ ನೆಡುತ್ತಿರುವ ಆ ಕೈಗಳಿಗೆ ಆ ಗದ್ದೆಯಲ್ಲಿ ಗೇಣು ಜಾಗವೂ ಇಲ್ಲದಿರಬಹುದು. ಹೊಗಳಿಕೆಯ ಪದವೊಂದನ್ನು ಅಂಟಿಸಿದೊಡನೆ ಆಕೆಯ ಕೂಲಿಯ ಪ್ರಶ್ನೆ ಚಿತ್ರದಿಂದ ಹೊರಗುಳಿಯುತ್ತದೆ.

ದೂರದಿಂದ ತೆಗೆದ ಸುಂದರ ಚಿತ್ರದಲ್ಲಿ ದುಡಿಮೆಯ ಭಾರವೂ ಕಾಣದು. ನಾಟಿ ಮಾಡುವವರು ಸೊಂಟ ಬಗ್ಗಿಸಿ, ಹಿಂದಕ್ಕೆ ಹೆಜ್ಜೆಯಿಡುತ್ತಾ, ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ದುಡಿಯುತ್ತಾರೆ. ಬೆರಳ ಸಂದಿಯ ಚರ್ಮ ನೀರಿನಲ್ಲಿ ಕೊಳೆಯುತ್ತದೆ. ಕಾಲಿನ ಸಣ್ಣ ಗಾಯದ ಮೂಲಕವೇ ಇಲಿ ಜ್ವರದ ರೋಗಾಣು ದೇಹವನ್ನು ಪ್ರವೇಶಿಸಬಲ್ಲದು. ನೇಜಿ ಕೀಳುವುದು, ಹೊರುವುದು, ಕಳೆ ತೆಗೆಯುವುದು, ಕೊಯ್ಯುವುದು, ಪಡಿಮಂಚಕ್ಕೆ ಬಡಿಯುವುದು, ತೂರುವುದು, ಕುಚ್ಚಲಕ್ಕಿಗಾಗಿ ಭತ್ತ ಬೇಯಿಸಿ ಒಣಗಿಸುವುದು ಹೀಗೆ ದುಡಿಮೆಯ ಸಾಲು ಉದ್ದವಾಗಿದೆ. ನಾಟಿಯ ಹಸಿರು ಮತ್ತು ತೆನೆಯ ಬಂಗಾರ, ಇವೆರಡನ್ನೇ ನಮ್ಮ ಕ್ಯಾಮರಾಗಳು ಆರಿಸಿಕೊಂಡಿವೆ. ಇಂದು ನಾಟಿ ಯಂತ್ರ, ಕಟಾವು ಯಂತ್ರಗಳು ಬಂದಿದ್ದರೂ ಯಂತ್ರ ಇಳಿಯಲಾಗದ ತುಂಡು ಗದ್ದೆಗಳಲ್ಲಿ ಮನುಷ್ಯರ ಬೆನ್ನೇ ಬಾಗಬೇಕಾಗಿದೆ.

ಭತ್ತದ ಗದ್ದೆಯದಲ್ಲದಿದ್ದರೂ, ಹೊಲದ ಕೂಲಿಗಳ ಚಿತ್ರವೊಂದರ ಕಥೆ ಇಲ್ಲಿ ನೆನೆಯತಕ್ಕದ್ದಾಗಿದೆ. 1936ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ನಿಪೋಮೋ ಎಂಬಲ್ಲಿ, ಬಟಾಣಿ ಬಿಡಿಸಲು ಬಂದವರ ಬಿಡಾರದಲ್ಲಿ, ಡೊರೋಥಿಯಾ ಲ್ಯಾಂಗ್ ಎಂಬವರು ತಾಯಿಯೊಬ್ಬಳ ಚಿತ್ರಗಳನ್ನು ಕೆಲವೇ ನಿಮಿಷಗಳಲ್ಲಿ ತೆಗೆದರು. ಚಿತ್ರ ಪತ್ರಿಕೆಯಲ್ಲಿ ಬಂದೊಡನೆ ಸರಕಾರ ಆ ಬಿಡಾರಕ್ಕೆ ಆಹಾರ ಕಳುಹಿಸಿತು. ಅಷ್ಟರಲ್ಲಿ ಆ ತಾಯಿ ಮಕ್ಕಳೊಂದಿಗೆ ಬೇರೆಡೆಗೆ ಹೊರಟುಹೋಗಿದ್ದಳು. ಲ್ಯಾಂಗ್ ಆಕೆಯ ಹೆಸರನ್ನು ಕೇಳಿರಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬುದು ಲೋಕಕ್ಕೆ ತಿಳಿದದ್ದು 1978ರಲ್ಲಿ. ತನ್ನ ಮುಖ ವಿಶ್ವಪ್ರಸಿದ್ಧವಾದರೂ ಅದರಿಂದ ತನಗೆ ಚಿಕ್ಕಾಸೂ ದೊರೆಯಲಿಲ್ಲವೆಂದು ಆಕೆ ನೊಂದು ನುಡಿದರು. ಒಂದು ಚಿತ್ರ ಅನೇಕರಿಗೆ ಅನ್ನ ಕೊಡಿಸಬಲ್ಲದು. ಅದೇ ಚಿತ್ರ ತನ್ನಲ್ಲಿರುವ ವ್ಯಕ್ತಿಯನ್ನು ಮರೆಯಲೂಬಲ್ಲದು.

ಬೇರೊಂದು ದಾರಿಯೂ ಇದೆ. ಪತ್ರಕರ್ತ ಪಿ. ಸಾಯಿನಾಥ್ ಅವರು 1993ರಿಂದ 2002ರವರೆಗೆ ಹತ್ತು ರಾಜ್ಯಗಳಲ್ಲಿ ಸಂಚರಿಸಿ, ಹಳ್ಳಿಯ ಮಹಿಳೆಯರ ದುಡಿಮೆಯನ್ನೇ ವಿಷಯವಾಗಿಸಿ ಛಾಯಾಚಿತ್ರ ಪ್ರದರ್ಶನವೊಂದನ್ನು ರೂಪಿಸಿದರು. ಕಣ್ಣೆದುರಿಗೇ ನಡೆದರೂ ಲೆಕ್ಕಕ್ಕೆ ಬಾರದ ದುಡಿಮೆಯನ್ನು ತೋರಿಸುವುದೇ ಅದರ ಉದ್ದೇಶವಾಗಿತ್ತು. ಅವರು 2014ರಲ್ಲಿ ಆರಂಭಿಸಿದ ‘ಪರಿ’ ಎಂಬ ಗ್ರಾಮೀಣ ಭಾರತದ ದಾಖಲೆ ಭಂಡಾರದಲ್ಲಿ ದುಡಿಯುವವರ ಹೆಸರು, ಊರು, ಅವರದೇ ಮಾತು ಚಿತ್ರಗಳೊಂದಿಗೆ ದಾಖಲಾಗುತ್ತವೆ.

‘ಕೇಳಿ ತೆಗೆದರೆ ಚಿತ್ರದ ಸಹಜತೆ ಕೆಡುತ್ತದೆ’ ಎಂದು ಕೆಲವರು ವಾದಿಸುವರು. ಈ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಕ್ಯಾಮರಾ ಕಂಡೊಡನೆ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ನಿಲ್ಲುವವರೇ ಹೆಚ್ಚು. ಆದರೆ ಅವರು ಹಾಗೆ ನಿಲ್ಲುವುದೇಕೆ? ತಾವು ಹೇಗೆ ಕಾಣಬೇಕೆಂಬ ಆಸೆ ಅವರಿಗೂ ಇದೆ. ನಮ್ಮ ಮನೆಯ ಮದುವೆಯಲ್ಲಿ ನಮ್ಮನ್ನು ಕೇಳದೆ, ಉಣ್ಣುವಾಗಲೋ ಬೆವರು ಒರೆಸುವಾಗಲೋ ತೆಗೆದ ಚಿತ್ರ ಅಪರಿಚಿತರ ಗೋಡೆಯನ್ನು ಅಲಂಕರಿಸಿದರೆ ನಾವು ಸುಮ್ಮನಿರುವೆವೇ? ಒಂದು ಘಳಿಗೆ ಕುಳಿತು ಮಾತನಾಡಿದರೆ ದುಡಿಯುವವರು ಮತ್ತೆ ದುಡಿಮೆಯಲ್ಲಿ ಮಗ್ನರಾಗುತ್ತಾರೆ. ಚಿತ್ರವೂ ಸಹಜವಾಗಿ ಮೂಡುತ್ತದೆ.

ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಆಶೀರ್ವದಿಸಿದ ಹೊಸ ತೆನೆಯನ್ನು ನಾವು ಭಕ್ತಿಯಿಂದ ಮನೆಗೆ ತರುತ್ತೇವೆ. ಹೊಸ ಅಕ್ಕಿಯ ಕಾಳುಗಳನ್ನು ಕುಟುಂಬವೆಲ್ಲ ಹಂಚಿಕೊಂಡು ಸೇವಿಸುತ್ತದೆ. ಗದ್ದೆಯೇ ಇಲ್ಲದ ಪೇಟೆಯ ಮನೆಗೂ ಅಂದು ತೆನೆ ತಲುಪುತ್ತದೆ. ಅದನ್ನು ಬೆಳೆದವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿದೆಯೇ? ಕೆಸರುಗದ್ದೆಯ ಕ್ರೀಡಾಕೂಟದಲ್ಲಿ ಒಂದು ದಿನ ಕೆಸರು ಮೆತ್ತಿಕೊಂಡು ಚಿತ್ರ ತೆಗೆಸಿಕೊಳ್ಳುವ ನಮ್ಮ ಯುವಕ ಯುವತಿಯರಿಗೆ, ವರ್ಷವೂ ಆ ಕೆಸರಿನಲ್ಲೇ ನಿಲ್ಲುವವರ ಪರಿಚಯವಿದೆಯೇ?

ಆದುದರಿಂದ ನಮ್ಮ ಮನವಿ ಇಷ್ಟೇ. ಗದ್ದೆಯಲ್ಲಿ ದುಡಿಯುವವರ ಚಿತ್ರ ತೆಗೆಯಬಾರದೆಂದು ನಾವು ಹೇಳುವುದಿಲ್ಲ. ಧಾರಾಳವಾಗಿ ತೆಗೆಯಲಿ, ಆದರೆ ಮೊದಲು ಒಪ್ಪಿಗೆ ಕೇಳಲಿ, ಅವರು ಒಪ್ಪಿದರೆ ಹೆಸರು, ಊರು, ಮಾಡುತ್ತಿದ್ದ ಕೆಲಸವನ್ನು ಬರೆಯಲಿ. ಸ್ಮರಣ ಸಂಚಿಕೆಯ ಸಂಪಾದಕರು ಈ ವಿವರವಿಲ್ಲದ ಚಿತ್ರಗಳನ್ನು ಹಿಂತಿರುಗಿಸಲಿ. ಸ್ಪರ್ಧೆಯಲ್ಲಿ ಬಹುಮಾನ ಬಂದರೆ ಅದರಲ್ಲಿ ಒಂದು ಪಾಲು ಚಿತ್ರದಲ್ಲಿರುವವರಿಗೂ ಸಲ್ಲಲಿ. ಕನಿಷ್ಠ ಪಕ್ಷ ಆ ಚಿತ್ರದ ಒಂದು ಅಚ್ಚು ಪ್ರತಿಯನ್ನು ಚೌಕಟ್ಟು ಹಾಕಿಸಿ ಅವರ ಮನೆಗೆ ಒಯ್ದು ಕೊಡಲಿ. ಬಾಗಿದ ಬೆನ್ನನ್ನು ಮಾತ್ರ ಕಂಡು ಹಿಂತಿರುಗಿದವರಿಗೆ, ಅಂದಾದರೂ ಆ ಮುಖವನ್ನು ನೋಡುವ ಭಾಗ್ಯ ದೊರೆಯುವುದು.