ಮೈಸೂರಿನ ಜಾವಾ: ಬದಲಾದದ್ದು, ಬದಲಾಗದೆ ಉಳಿದದ್ದು

ಮೈಸೂರು ಎಂದೊಡನೆ ರೇಷ್ಮೆ ಸೀರೆ, ಗಂಧದೆಣ್ಣೆ, ಮಲ್ಲಿಗೆ ಇವೆಲ್ಲ ನೆನಪಿಗೆ ಬರುವುದು ಸಹಜ. ಅದೇ ಊರಿನ ಯಾದವಗಿರಿಯ ಕಾರ್ಖಾನೆಯೊಂದರಿಂದ ಮೂವತ್ತೈದು ವರ್ಷಗಳ ಕಾಲ ಮೋಟಾರ್ ಸೈಕಲುಗಳು ಹೊರಬಂದು ದೇಶದ ಮೂಲೆಮೂಲೆಗಳಲ್ಲಿ ಓಡಾಡಿದವೆಂಬುದನ್ನು ಇಂದಿನ ತರುಣರಲ್ಲಿ ಎಷ್ಟು ಮಂದಿ ಬಲ್ಲರೋ! ಇಂದಿಗೂ ಎಷ್ಟೋ ಮನೆಗಳ ಹಿತ್ತಲಿನಲ್ಲಿ, ಮಹಡಿಯ ಮೆಟ್ಟಿಲ ಕೆಳಗೆ, ಹಳೆಯ ಚಾದರದ ಮರೆಯಲ್ಲಿ, ತಾತನವರ ಕಾಲದ್ದೊಂದು ಗಾಡಿ ನಿಂತಿರುತ್ತದೆ. ಅದು ಜಾವಾವೋ, ಯೆಜ್ದಿಯೋ, ರೋಡ್‌ಕಿಂಗೋ ಎಂದು ಕೇಳಿದರೆ ಮನೆಯವರಲ್ಲೇ ಒಮ್ಮತವಿರುವುದಿಲ್ಲ. ಈ ವಂಶಾವಳಿಯನ್ನು ಅರಿತುಕೊಳ್ಳುವುದು ಕೇವಲ ಕುತೂಹಲದ ಮಾತಲ್ಲ; ಅದರಲ್ಲಿ ಒಂದು ಪ್ರಯೋಜನವೂ ಉಂಟು.

ಕಥೆಯ ಮೊದಲು ಇರುವುದು ಚೆಕ್ ದೇಶದಲ್ಲಿ. ಆಯುಧಗಳನ್ನು ತಯಾರಿಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ 500 ಸಿ.ಸಿ. ಮೋಟಾರ್ ಸೈಕಲಿನ ಹಕ್ಕನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಗಳಿಗೆ ವಾಂಡರರಿನ ಎರಡು ಅಕ್ಷರಗಳನ್ನು ಜೋಡಿಸಿ ತನ್ನ ವಾಹನಕ್ಕೆ ಹೆಸರಿಟ್ಟನು. ಚೆಕ್ಕರ ಬಾಯಲ್ಲಿ ಅದು 'ಯಾವಾ'; ನಮ್ಮವರ ಬಾಯಲ್ಲಿ 'ಜಾವಾ' ಆಯಿತು. ಎರಡನೆಯ ಮಹಾಯುದ್ಧದಲ್ಲಿ ದೇಶವು ಜರ್ಮನರ ವಶದಲ್ಲಿದ್ದಾಗ, ಅಲ್ಲಿಯ ಇಂಜಿನಿಯರುಗಳು ಆಳುವವರ ಕಣ್ಣಿಗೆ ಮರೆಯಾಗಿ 250 ಸಿ.ಸಿ.ಯ ಹೊಸ ಗಾಡಿಯೊಂದನ್ನು ರೂಪಿಸಿದರು. ಯುದ್ಧ ಮುಗಿದ ಮೇಲೆ, 1946ರಲ್ಲಿ ಅದು 'ಪೆರಾಕ್' ಎಂಬ ಹೆಸರಿನಿಂದ ಬೆಳಕಿಗೆ ಬಂದಿತು. ಚೆಕ್ ಭಾಷೆಯಲ್ಲಿ 'ಪೆರೊ' ಎಂದರೆ ಸ್ಪ್ರಿಂಗು; ಹಿಂದಿನ ಚಕ್ರಕ್ಕೂ ಸ್ಪ್ರಿಂಗು ಅಳವಡಿಸಿದ್ದರಿಂದ ಆ ಹೆಸರು. ಬಳಿಕ 1950ರ ದಶಕದಲ್ಲಿ ಹಿಂದಿನ ಚಕ್ರವನ್ನು ತೂಗುವ ತೋಳಿಗೆ ಕಟ್ಟಿದ ಇನ್ನೊಂದು ಮಾದರಿ ಹುಟ್ಟಿತು. ಮೈಸೂರಿಗೆ ಬಂದದ್ದು ಈ ಎರಡನೆಯ ತಲೆಮಾರು.

ಇರಾನಿ ಮನೆತನದ ರುಸ್ತುಂ ಮತ್ತು ಫಾರೂಕ್ ಎಂಬುವರು ಐಡಿಯಲ್ ಜಾವಾ ಎಂಬ ಸಂಸ್ಥೆಯನ್ನು ಕಟ್ಟಿ, ಚೆಕ್ಕರಿಂದ ಪರವಾನಗಿ ಪಡೆದು, 1960ರ ದಶಕದ ಆದಿಯಲ್ಲಿ ಮೈಸೂರಿನಲ್ಲಿ ಕೆಲಸವನ್ನು ಆರಂಭಿಸಿದರು. ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ಅಲ್ಲಿಂದ ಹೊರಬಂದ ಮೊದಲ ಗಾಡಿಯ ಸೊಬಗನ್ನು ಕಂಡವರು ಮರೆಯುವುದುಂಟೆ? ಕಡುಗೆಂಪು ಮೈ, ಪಕ್ಕಗಳಲ್ಲಿ ಹೊಳೆಯುವ ಕ್ರೋಮಿನ ಪೆಟ್ರೋಲು ಟ್ಯಾಂಕು, ಸವಾರನ ಮಂಡಿಗೆ ರಬ್ಬರಿನ ಒರಗು, ಮುಂದೀಪದ ತಲೆಯಲ್ಲೇ ಹುದುಗಿದ ವೇಗಮಾಪಕ, 16 ಅಂಗುಲದ ಪುಟ್ಟ ಚಕ್ರಗಳು. ಚೈನು ಪೂರ್ತಿಯಾಗಿ ಪೆಟ್ಟಿಗೆಯೊಳಗೆ ಅಡಗಿದ್ದುದರಿಂದ ಹಿಂದೆ ಕುಳಿತ ಗೃಹಿಣಿಯ ಸೀರೆಯ ಸೆರಗಿಗೆ ಎಣ್ಣೆಯ ಭಯವಿರಲಿಲ್ಲ. ಅದರ ಇನ್ನೊಂದು ಚಮತ್ಕಾರವೆಂದರೆ ಗೇರು ಬದಲಿಸುವ ಸನ್ನೆಯನ್ನೇ ತಿರುಗಿಸಿ ನಿಲ್ಲಿಸಿದರೆ ಅದು ಇಂಜಿನನ್ನು ಚಾಲೂ ಮಾಡುವ ಕಿಕ್ಕರು ಆಗುತ್ತಿದ್ದಿತು. ಒಂದೇ ಸನ್ನೆ, ಎರಡು ಕೆಲಸ! ಅದನ್ನು ಕಾಲಿನಿಂದ ಒತ್ತಿದರೆ ಕ್ಲಚ್ಚು ತಾನಾಗಿಯೇ ಬಿಡುತ್ತಿದ್ದುದರಿಂದ, ಕೈಯ ಕ್ಲಚ್ಚನ್ನು ಹಿಡಿಯದೆಯೂ ನುರಿತವರು ಗೇರು ಬದಲಿಸುತ್ತಿದ್ದರು.

ಇನ್ನು ಅದರ ಹೃದಯದ ವಿಚಾರ. 65 ಮಿ.ಮೀ. ವ್ಯಾಸದ ಒಂದೇ ಸಿಲಿಂಡರು. ಅದರಲ್ಲಿ 75 ಮಿ.ಮೀ. ದೂರ ಮೇಲೆ ಕೆಳಗೆ ಓಡುವ ಪಿಸ್ಟನ್ನು, ಒಟ್ಟು 248.5 ಸಿ.ಸಿ.; ಸುಮಾರು 12 ಅಶ್ವಶಕ್ತಿ. ಸಿಲಿಂಡರು ಒಂದೇ ಆದರೂ ಹೊಗೆ ಹೊರಹೋಗುವ ಕೊಳವೆ ಎಡಕ್ಕೊಂದು, ಬಲಕ್ಕೊಂದು. ಕಣ್ಣುಮುಚ್ಚಿಕೊಂಡು ಆಲಿಸಿದರೂ ಜಾವಾ ಬಂತೆಂದು ಹೇಳಬಹುದಾದ ಆ ಗುಡುಗುಟ್ಟು ಹೊಮ್ಮುತ್ತಿದ್ದುದು ಈ ಜೋಡಿ ಸೈಲೆನ್ಸರುಗಳಿಂದಲೇ. ಇದು ಟೂ-ಸ್ಟ್ರೋಕ್ ಜಾತಿಯ ಇಂಜಿನು. ಅಂದರೆ ಪಿಸ್ಟನ್ನು ಒಮ್ಮೆ ಏರಿ ಒಮ್ಮೆ ಇಳಿಯುವುದರೊಳಗೆ ಉಸಿರೆಳೆಯುವುದು, ಒತ್ತುವುದು, ಉರಿಯುವುದು, ಹೊಗೆ ಬಿಡುವುದು ಎಲ್ಲವೂ ಮುಗಿದುಹೋಗುತ್ತದೆ. ಫೋರ್-ಸ್ಟ್ರೋಕ್ ಇಂಜಿನಿನಲ್ಲಿ ಅದೇ ಕೆಲಸಕ್ಕೆ ಎರಡು ಬಾರಿ ಏರಿ ಇಳಿಯಬೇಕು. ಬಾಗಿಲು ತೆರೆದು ಮುಚ್ಚುವ ವಾಲ್ವುಗಳೂ ಬೇಕು. ಜಾವಾದಲ್ಲಿ ವಾಲ್ವುಗಳಿಲ್ಲ, ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಭಾಗಗಳು ಕಡಿಮೆ, ರಿಪೇರಿ ಸುಲಭ. ಆದರೆ ಹೊಸ ಗಾಳಿ-ಪೆಟ್ರೋಲು ಒಳಬರುವ ಗಳಿಗೆಯಲ್ಲೇ ಹೊಗೆಯ ಕಿಂಡಿಯೂ ತೆರೆದಿರುವುದರಿಂದ ಪೆಟ್ರೋಲಿನ ಒಂದು ಪಾಲು ಉರಿಯದೆಯೇ ಹೊರಗೆ ಹೋಗಿಬಿಡುತ್ತದೆ. ಮೇಲಾಗಿ ಇಂಜಿನಿನ ಒಳಭಾಗಗಳ ಜಾರಿಕೆಗಾಗಿ ಪೆಟ್ರೋಲಿಗೇ ಎಣ್ಣೆಯನ್ನು ಬೆರೆಸಬೇಕು. ಆ ಎಣ್ಣೆಯೂ ಉರಿದು ನೀಲಿ ಹೊಗೆಯಾಗುತ್ತದೆ. ಈ ಗುಣ-ದೋಷಗಳೆರಡನ್ನೂ ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ನಮ್ಮ ರಾಜ್ಯವು 1973ರಲ್ಲಿ ಮೈಸೂರೆಂಬ ಹೆಸರನ್ನು ಬಿಟ್ಟು ಕರ್ನಾಟಕವಾದ ಆಸುಪಾಸಿನಲ್ಲೇ, ಮೈಸೂರಿನ ಈ ಗಾಡಿಯೂ ಹೆಸರನ್ನು ಬದಲಿಸಿ 'ಯೆಜ್ದಿ' ಆಯಿತು. ಇರಾನಿನ ಯಜ್ದ್ ಎಂಬ ಪ್ರಾಚೀನ ಪಟ್ಟಣದ ನೆನಪು ಆ ಹೆಸರಿನಲ್ಲಿದೆ. ಸ್ವಾರಸ್ಯವೆಂದರೆ ಚೆಕ್ ಭಾಷೆಯಲ್ಲಿ ಅದೇ ಉಚ್ಚಾರದ ಮಾತಿಗೆ 'ಸವಾರಿ ಮಾಡುತ್ತಾನೆ' ಎಂಬ ಅರ್ಥವುಂಟು! ಟ್ಯಾಂಕಿನ ಮೇಲಿನ ಬರಹ ಬೇರೆಯಾಯಿತು. ಒಳಗಿನ ಇಂಜಿನು ಬಹುಮಟ್ಟಿಗೆ ಅದೇ ಆಗಿದ್ದಿತು.

ಆ ಬಳಿಕ ಕುಟುಂಬ ಬೆಳೆಯಿತು. ಡೀಲಕ್ಸ್, ಕ್ಲಾಸಿಕ್, ಮೊನಾರ್ಕ್ ಎಂಬ ಸೋದರರು ಬೇರೆ ಬೇರೆ ಉಡುಪಿನಲ್ಲಿ ಬಂದರು. 60 ಸಿ.ಸಿ.ಯ ಪುಟ್ಟ ಗಾಡಿಯೂ, 175 ಸಿ.ಸಿ.ಯದೂ, ಎರಡು ಸಿಲಿಂಡರುಗಳ 350 ಸಿ.ಸಿ.ಯದೂ ಒಂದೊಂದು ಕಾಲದಲ್ಲಿ ತಯಾರಾದವು. ಆದರೆ ಮನೆತನದ ಕೀರ್ತಿಯನ್ನು ಹೆಚ್ಚಿಸಿದವನು 1978ರಲ್ಲಿ ಹುಟ್ಟಿದ ರೋಡ್‌ಕಿಂಗ್. ಇಂಜಿನು ಅದೇ 250ರ ವರ್ಗದ್ದು, ಅದೇ ಟೂ-ಸ್ಟ್ರೋಕ್, ಅವೇ ಜೋಡಿ ಸೈಲೆನ್ಸರುಗಳು. ಆದರೆ ಶಕ್ತಿ 16 ಅಶ್ವಕ್ಕೆ ಏರಿದ್ದಿತು. ಚಕ್ರಗಳು 18 ಅಂಗುಲಕ್ಕೆ ಬೆಳೆದವು. ದೀಪದ ತಲೆಯಿಂದ ವೇಗಮಾಪಕವು ಹೊರಬಂದು ಬೇರೆಯಾಗಿ ಕುಳಿತಿತು. ಹಿರಿಯನು ಪಂಚೆಯುಟ್ಟ ಗೃಹಸ್ಥನಂತಿದ್ದರೆ ಇವನು ತೋಳು ಮಡಿಸಿದ ತರುಣನಂತಿದ್ದನು.

ಬೆರಕೆಯ ಎಣ್ಣೆಯ ತೊಡಕನ್ನು ನೀಗಿಸಲು ನಡೆದ ಯತ್ನವೇ ಆಯಿಲ್‌ಕಿಂಗ್. ಅದರಲ್ಲಿ ಎಣ್ಣೆಗೆ ಬೇರೆ ಪಾತ್ರೆ. ಅಗತ್ಯವಿದ್ದಷ್ಟನ್ನು ಪಂಪು ತಾನೇ ಇಂಜಿನಿಗೆ ಉಣಿಸುತ್ತಿದ್ದಿತು. ಉಪಾಯವೇನೋ ಚೆನ್ನಾಗಿತ್ತು, ಆದರೆ ಅದು ಇಡೀ ಮನೆತನದ ಪದ್ಧತಿಯಾಗಲಿಲ್ಲ. ಉಳಿದ ಮಾದರಿಗಳ ಸವಾರರು ಪೆಟ್ರೋಲು ಬಂಕಿನಲ್ಲಿ ಎಣ್ಣೆಯನ್ನು ಅಳೆದು ಹೊಯ್ಯುವುದನ್ನು ಮುಂದುವರಿಸಿದರು. ಕೊನೆಗಾಲದ ಕೆಲವು ಗಾಡಿಗಳಿಗೆ ಸಿ.ಡಿ.ಐ. ಎಂಬ ಎಲೆಕ್ಟ್ರಾನಿಕ್ ಕಿಡಿಯ ವ್ಯವಸ್ಥೆಯೂ ಬಂದಿತು. ಹೀಗೆ ಚಕ್ರ, ದೀಪ, ಮಾಪಕ, ಕಿಡಿ ಎಲ್ಲವೂ ಒಂದೊಂದಾಗಿ ಬದಲಾದರೂ, ಸಿಲಿಂಡರಿನ ಗೋಡೆಯ ಆ ಕಿಂಡಿಗಳು ಮಾತ್ರ ಹಾಗೆಯೇ ಉಳಿದವು.

ಬದಲಾಗದೆ ಉಳಿದದ್ದೇ ಅದರ ಬಲವೂ ಆಯಿತು, ಕೊನೆಗೆ ಕುತ್ತೂ ಆಯಿತು. ಒಂದು ಮಾದರಿಯ ಹಲವು ಭಾಗಗಳು ಇನ್ನೊಂದಕ್ಕೆ ಹೊಂದುತ್ತಿದ್ದುದರಿಂದ ಸಣ್ಣ ಊರಿನ ಮೆಕ್ಯಾನಿಕ್ಕೂ ಕೈಯಲ್ಲಿದ್ದ ಸಾಮಾನಿನಿಂದಲೇ ಗಾಡಿಯನ್ನು ಎಬ್ಬಿಸಿ ಕಳುಹಿಸುತ್ತಿದ್ದನು. ಆದರೆ 1980ರ ದಶಕದ ಮಧ್ಯದಲ್ಲಿ ಜಪಾನೀಯರ ಸಹಯೋಗದಿಂದ 100 ಸಿ.ಸಿ.ಯ ಹಗುರ ಗಾಡಿಗಳು ಬಂದವು. 1985ರ ಹೀರೋ ಹೋಂಡಾ ಫೋರ್-ಸ್ಟ್ರೋಕ್ ಇಂಜಿನಿನದು. ಲೀಟರಿಗೆ 80 ಕಿ.ಮೀ. ಓಡುವುದೆಂದು ಅದರ ಜಾಹೀರಾತು. ಯೆಜ್ದಿಗೆ ಅದರ ಅರ್ಧ ದೂರವೂ ಕಷ್ಟ. ತಿಂಗಳ ಸಂಬಳದಲ್ಲಿ ಹಾಲು, ಅಕ್ಕಿ, ಮಕ್ಕಳ ಶಾಲೆಯ ಫೀಜುಗಳನ್ನು ಕಳೆದು ಉಳಿದುದರಲ್ಲಿ ಪೆಟ್ರೋಲು ಹಾಕಿಸಬೇಕಾದ ಗೃಹಸ್ಥನು ಗುಡುಗಿನ ಸೊಗಸನ್ನು ನೋಡಿಯಾನೆ, ಲೆಕ್ಕವನ್ನು ನೋಡಿಯಾನೆ? ಹೊಗೆಯ ಮೇಲಿನ ಸರ್ಕಾರದ ನಿಯಮಗಳೂ ಬಿಗಿಯಾಗುತ್ತ ಹೋದವು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಅದರ ಸದ್ದನ್ನೇ ನಂಬಿ ಬಾಳಿದ ಎಷ್ಟೋ ಸಂಸಾರಗಳ ಪಾಲಿಗೆ ನಿಂತುಹೋದದ್ದು ಬರಿಯ ಒಂದು ಇಂಜಿನಲ್ಲ.

2018ರ ನವೆಂಬರಿನಲ್ಲಿ ಜಾವಾ ಹೆಸರು ಮರಳಿ ಬಂದಿತು. 2022ರ ಜನವರಿಯಲ್ಲಿ ಯೆಜ್ದಿಯೂ ಬಂದಿತು. ಹೊಸ ಜಾವಾ ತಯಾರಾದದ್ದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. ಟ್ಯಾಂಕಿನ ಆಕಾರ, ಜೋಡಿ ಸೈಲೆನ್ಸರು, ಕಡುಗೆಂಪು ಬಣ್ಣ ಎಲ್ಲವೂ ಹಳೆಯದರ ನೆನಪನ್ನು ತರುವಂತಿದ್ದವು. ಇಂಜಿನು ಮಾತ್ರ 293 ಸಿ.ಸಿ.ಯ, ದ್ರವದಿಂದ ತಂಪಾಗುವ ಫೋರ್-ಸ್ಟ್ರೋಕ್. ಮೊದಲು ಹೆಸರು ಬದಲಾಗಿ ಹೃದಯ ಉಳಿದಿದ್ದಿತು. ಈಗ ಹೃದಯ ಬದಲಾಗಿ ಹೆಸರು ಉಳಿಯಿತು. ಯಾವುದು ನಿಜವಾದ ಮುಂದುವರಿಕೆ ಎಂಬುದನ್ನು ಸವಾರರೇ ತೀರ್ಮಾನಿಸಬೇಕು.

ಈಗ ಪ್ರಯೋಜನದ ಮಾತು. ಐವತ್ತು ವರ್ಷ ಮೀರಿದ, ಮೂಲರೂಪದಲ್ಲೇ ಉಳಿದುಕೊಂಡು ಬಂದಿರುವ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸುವ ನಿಯಮವನ್ನು ಕೇಂದ್ರ ಸರ್ಕಾರವು 2021ರಲ್ಲಿ ತಂದಿತು. ಚೌಕಟ್ಟು, ಮೈ, ಇಂಜಿನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದೆಂಬುದು ಅದರ ಷರತ್ತು. 1960ರ ದಶಕದ ಮೈಸೂರು ಜಾವಾಗಳು ಈಗಾಗಲೇ ಆ ವಯಸ್ಸನ್ನು ದಾಟಿವೆ. ಮೊದಲ ಯೆಜ್ದಿಗಳೂ ಅದೇ ಹೊಸ್ತಿಲಲ್ಲಿವೆ. ಆದರೆ ಒಂದರ ಭಾಗ ಇನ್ನೊಂದಕ್ಕೆ ಸುಲಭವಾಗಿ ಹೊಂದಿದ ಗುಣವೇ ಇಲ್ಲಿ ತೊಡಕನ್ನು ತಂದೊಡ್ಡಬಹುದು. ಜಾವಾದ ಚೌಕಟ್ಟಿಗೆ ಯೆಜ್ದಿಯ ಇಂಜಿನು, ಯೆಜ್ದಿಯ ಮೈಗೆ ಜಾವಾದ ಟ್ಯಾಂಕು ಸೇರಿಕೊಂಡಿರುವುದು ಅಪರೂಪವಲ್ಲ. ಆದ್ದರಿಂದ ಹಿತ್ತಲಿನ ಗಾಡಿಯನ್ನು ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ, ಅಥವಾ ಹುಮ್ಮಸ್ಸಿನಿಂದ ಹೊಸ ಭಾಗಗಳನ್ನು ತೊಡಿಸುವ ಮುನ್ನ, ಇಂಜಿನು ಮತ್ತು ಚೌಕಟ್ಟುಗಳ ಮೇಲೆ ಕೆತ್ತಿದ ಸಂಖ್ಯೆಗಳನ್ನು ಒರೆಸಿ ಓದಿ, ನೋಂದಣಿ ಪುಸ್ತಕದೊಡನೆ ತಾಳೆ ನೋಡುವುದು ಮೇಲು. ಕಳಚಿದ ಹಳೆಯ ಭಾಗಗಳನ್ನು ಎಸೆಯದೆ ಒಂದು ಚೀಲದಲ್ಲಿ ಕಟ್ಟಿಡುವುದು ಇನ್ನೂ ಮೇಲು. ಸಂಖ್ಯೆಗಳು ಹೊಂದಿದರೆ, ಚಾದರದ ಮರೆಯಲ್ಲಿರುವುದು ಬರಿಯ ಕಬ್ಬಿಣವಲ್ಲ, ಯಾದವಗಿರಿಯ ಕೈಗಳು ಜೋಡಿಸಿದ್ದು ಜೋಡಿಸಿದಂತೆಯೇ ಉಳಿದಿರುವ ಆಸ್ತಿ ಎಂದು ತಿಳಿಯಬಹುದು.